ಅಮ್ಮನ ಸೈಕಲ್ಲು, ಮೂವತ್ತಾರು ಮೆಟ್ಟಿಲು

ಕೆಲಸ ಮತ್ತು ಶಕ್ತಿ ಪಾಠ ಮುಗಿಸಿ ಬೋರ್ಡು ಒರೆಸ್ತಾ ಇದ್ದೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ನಮ್ಮಮ್ಮಂದು ಎಲೆಕ್ಟ್ರಿಕ್ ಸೈಕಲ್ಲು. ಬ್ಯಾಟರಿಯಲ್ಲಿ ಅಷ್ಟೊಂದು ಶಕ್ತಿ ಇದೆ ಅಂತೀರ. ಮತ್ತೆ ದಿನಾ ರಾತ್ರಿ ಅದನ್ನ ಅಮ್ಮನೇ ಯಾಕೆ ಹೊತ್ಕೊಂಡು ಹತ್ತಬೇಕು?"

ಕ್ಲಾಸೆಲ್ಲ ನಕ್ಕಿತು. ಅವಳು ನಗಲಿಲ್ಲ.

ಆಮೇಲೆ ವಿಚಾರಿಸಿದೆ. ಹೊಸೂರಿನಲ್ಲಿ ಅವರ ಮನೆ ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಅಮ್ಮ ಒಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಾರೆ. ಬೆಳಗಿನ ಜಾವ ಐದೂವರೆಗೆ ಹೊರಡಬೇಕು, ಆ ಹೊತ್ತಿಗೆ ಅವರ ಕಡೆಯಿಂದ ಬಸ್ಸು ಸಿಗೋದಿಲ್ಲ. ಅದಕ್ಕೇ ಕಂತಿನಲ್ಲಿ ಸೈಕಲ್ ತಗೊಂಡರು. ಕೆಳಗೆ ನಿಲ್ಲಿಸಿದ್ದ ಪಕ್ಕದ ಮನೆಯವರ ಸೈಕಲ್ ಒಂದು ರಾತ್ರಿ ಮಾಯವಾಯಿತು. ಅಂದಿನಿಂದ ಇವರು ತಮ್ಮದನ್ನು ಮೇಲಕ್ಕೇ ಒಯ್ಯೋದು. ಹಿಂದಿನ ವಾರ ಮೆಟ್ಟಿಲ ಮೇಲೆ ಸೊಂಟ ಹಿಡಿದುಕೊಂಡು ಎರಡು ದಿನ ಮಲಗಿದ್ದರು. ಎರಡು ದಿನದ ಸಂಬಳ ಹೋಯಿತು.

ಪ್ರಶ್ನೆಗೆ ಉತ್ತರ ಕೊಡೋಕೆ ನಮಗೆ ಮೂರು ವಾರ ಬೇಕಾಯಿತು. ಮೊದಲು ಅಳತೆ. ಶಾಲೆಯ ಹತ್ತಿರದ ಗುಜರಿ ಅಂಗಡಿಯ ತಕ್ಕಡಿಯಲ್ಲಿ ಸೈಕಲ್ 24 ಕಿಲೋ ತೂಗಿತು. ಅದರಲ್ಲಿ ಬ್ಯಾಟರಿಯೊಂದೇ ಎರಡೂವರೆ ಕಿಲೋ. ಮೆಟ್ಟಿಲ ಎತ್ತರ 17 ಸೆಂಟಿಮೀಟರ್, ಅಗಲ 27. ಒಂಬತ್ತೊಂಬತ್ತು ಮೆಟ್ಟಿಲ ನಾಲ್ಕು ಸಾಲು, ಒಟ್ಟು 36. ಅಂದರೆ ಎತ್ತರ 6.12 ಮೀಟರ್.

ಈಗ ಲೆಕ್ಕ. 24 × 9.8 × 6.12, ಹತ್ತಿರ ಹತ್ತಿರ 1,440 ಜೂಲ್. ಸೈಕಲ್ಲನ್ನು ಮೇಲೇರಿಸಲು ಬೇಕಾದ ಕೆಲಸ ಇಷ್ಟೇ. ಬ್ಯಾಟರಿ ಮೇಲೆ 36 ವೋಲ್ಟ್, 10 ಆಂಪಿಯರ್-ಗಂಟೆ ಅಂತ ಬರೆದಿದೆ. ಗುಣಿಸಿದರೆ 360 ವಾಟ್-ಗಂಟೆ. ಅದನ್ನು ಜೂಲ್ ಮಾಡಲು 3,600ರಿಂದ ಗುಣಿಸಿ: 12,96,000 ಜೂಲ್. ಭಾಗಿಸಿ ನೋಡಿ. ಆ ಡಬ್ಬಿಯೊಳಗಿರುವ ಶಕ್ತಿಯಲ್ಲಿ ಈ ಸೈಕಲ್ಲನ್ನು 900 ಸಲ ಎರಡನೇ ಮಹಡಿಗೆ ಏರಿಸಬಹುದು! ಹುಡುಗಿಯ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ ನೋಡಿ.

ಇನ್ನೊಂದು ವಿಚಿತ್ರ. ಅಮ್ಮನ ತೂಕ 50 ಕಿಲೋ ಅಂತ ಇಟ್ಟುಕೊಳ್ಳಿ. ಬರಿಗೈಯಲ್ಲಿ ಹತ್ತಿದರೂ ಅವರು ತಮ್ಮ ಮೈಯನ್ನು ಮೇಲೇರಿಸಲು 3,000 ಜೂಲ್ ಕೆಲಸ ಮಾಡಲೇಬೇಕು. ಅದು ಸೈಕಲ್ಲಿನ ಎರಡರಷ್ಟು. ಆದರೂ ಬರಿಗೈಲಿ ಹತ್ತಿದರೆ ಸೊಂಟ ನೋಯೋದಿಲ್ಲ. ಹಾಗಾದರೆ ತೊಂದರೆ ಇರೋದು ಜೂಲ್‌ನಲ್ಲಿ ಅಲ್ಲ, ಬೇರೆಲ್ಲೋ.

ಗ್ಯಾಸ್ ಸಿಲಿಂಡರ್ ತರುವ ಅಣ್ಣನನ್ನು ನೋಡಿದ್ದೀರಲ್ಲ? ಮನೆ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರುತ್ತೆ, ಕಬ್ಬಿಣದ ತೂಕ ಸುಮಾರು 15–16 ಕಿಲೋ. ಒಟ್ಟು 30 ಕಿಲೋ. ಅದನ್ನ ಹೆಗಲ ಮೇಲೆ ಹೊತ್ತು ಅವನು ಮೂರು ಮಹಡಿ ಹತ್ತುತ್ತಾನೆ, ಮೇಲೆ ಬಂದು ಬಿಲ್ಲು ಬೇರೆ ಹರೀತಾನೆ. ಭಾರ ಅವನ ಬೆನ್ನುಮೂಳೆಯ ಹತ್ತಿರವೇ ಇದೆ, ನೇರ ಕಾಲಿಗಿಳಿಯುತ್ತದೆ. ಸೈಕಲ್ ಹಾಗಲ್ಲ. ಉದ್ದ, ಅಡ್ಡ ಹ್ಯಾಂಡಲ್, ಅಲ್ಲಾಡುವ ಮುಂದಿನ ಚಕ್ರ. ಕೈಚಾಚಿ ಮುಂದೆ ಹಿಡಿಯಬೇಕು. ನಿಮ್ಮ ಬೆನ್ನೇ ಸನ್ನೆಗೋಲಿನ ಆನಿಕೆ ಆಗುತ್ತೆ. 24 ಕಿಲೋ ಅಂದರೆ 235 ನ್ಯೂಟನ್ ಭಾರ. ಅದು ಬೆನ್ನಿನಿಂದ 20 ಸೆಂಟಿಮೀಟರ್ ದೂರದಲ್ಲಿದ್ದರೆ ತಿರುಚುವ ಬಲ 47 ನ್ಯೂಟನ್-ಮೀಟರ್. ಅರ್ಧ ಮೀಟರ್ ದೂರ ಹೋದರೆ 118. ತೂಕ ಅದೇ, ಸೊಂಟಕ್ಕೆ ಬೀಳೋ ಏಟು ಎರಡೂವರೆ ಪಟ್ಟು. ಜೊತೆಗೆ ನಡುವೆ ನಿಂತು ಸುಧಾರಿಸಿಕೊಂಡರೂ ಆರಾಮ ಇಲ್ಲ. ಅಲ್ಲಾಡದೆ ಹಿಡಿದು ನಿಂತರೆ ಕೆಲಸ ಸೊನ್ನೆ ಅಂತ ಪುಸ್ತಕ ಹೇಳುತ್ತೆ, ಆದರೆ ಸ್ನಾಯುವಿನ ಎಳೆಗಳು ಒಳಗೆ ಸತತವಾಗಿ ಬಿಗಿದು ಸಡಿಲಾಗ್ತಾನೇ ಇರುತ್ತವೆ, ಶಕ್ತಿ ಖರ್ಚಾಗುತ್ತಲೇ ಇರುತ್ತದೆ.

ಗಂಡಸರ ಸೈಕಲ್ಲಾದರೆ ನಡುವಿನ ತ್ರಿಕೋನಕ್ಕೆ ಹೆಗಲು ತೂರಿಸಿ ಸಿಲಿಂಡರ್ ಥರ ಹೊರಬಹುದು, ಅದೂ ಬ್ಯಾಟರಿ ತೆಗೆದ ಮೇಲೆ. ಅಮ್ಮನದು ಸೀರೆ ಉಟ್ಟವರು ಹತ್ತಲು ಅನುಕೂಲವಾದ, ಅಡ್ಡಪಟ್ಟಿ ಇಲ್ಲದ ಸೈಕಲ್. ಹೆಗಲಿಗೆ ಅಲ್ಲಿ ಜಾಗವೇ ಇಲ್ಲ. ಈ ಸೈಕಲ್ಲುಗಳನ್ನು ಮಾಡುವವರು ಎರಡನೇ ಮಹಡಿಯನ್ನು ನೆನೆಸಿಕೊಂಡ ಹಾಗೆ ಕಾಣೋದಿಲ್ಲ.

ಇಬ್ಬರು ಹಿಡಿದರೆ? ಇಲ್ಲೊಂದು ಮಜಾ ಇದೆ. ಬೀರು ಏರಿಸುವಾಗ ಕೆಳಗಿರುವವನೇ ಹೆಚ್ಚು ಒದ್ದಾಡೋದು ನಿಮಗೆ ಗೊತ್ತು. ಬೀರುವನ್ನು ತಳದಲ್ಲಿ ಹಿಡಿಯುತ್ತೇವೆ, ಅದರ ಗುರುತ್ವ ಕೇಂದ್ರ ಕೈಗಿಂತ ಮೇಲಿರುತ್ತೆ. ವಾಲಿಸಿದಾಗ ಅದು ಕೆಳಗಿನವನ ಕಡೆ ಸರಿಯುತ್ತದೆ. ಸೈಕಲ್ಲನ್ನು ಹ್ಯಾಂಡಲ್ ಮತ್ತು ಸೀಟಿನಲ್ಲಿ, ಅಂದರೆ ಮೇಲ್ಗಡೆ ಹಿಡಿಯುತ್ತೇವೆ. ಮೋಟಾರು, ಚಕ್ರ, ಬ್ಯಾಟರಿ ಎಲ್ಲ ಕೈಗಿಂತ ಕೆಳಗೆ. ಹಾಗಾಗಿ ವಾಲಿದಾಗ ಭಾರ ಮೇಲಿನವರ ಕಡೆಗೆ ಸರಿಯುತ್ತದೆ. ಅಮ್ಮ ಮೇಲೆ, ಮಗಳು ಕೆಳಗೆ ನಿಂತು ಎತ್ತುತ್ತಿದ್ದರು. ಮಗಳು ಪಾಪ ಅರ್ಧ ಭಾರ ತಾನು ಹೊರುತ್ತೇನೆ ಅಂದುಕೊಂಡಿದ್ದಳು!

ಎತ್ತೋದು ಬೇಡ, ಚಕ್ರದ ಮೇಲೇ ಮೆಟ್ಟಿಲು ಹತ್ತಿಸೋಣ ಅಂದ ಒಬ್ಬ ಹುಡುಗ. ಒಳ್ಳೆಯ ಮಾತು. ಆದರೆ ಹೇಗೆ ತಳ್ಳುತ್ತೀರಿ ಅನ್ನೋದರ ಮೇಲೆ ಹೋಗುತ್ತೆ. ಚಕ್ರದ ತ್ರಿಜ್ಯ 33 ಸೆಂಟಿಮೀಟರ್, ಮೆಟ್ಟಿಲು 17. ಚಕ್ರದ ಅಚ್ಚನ್ನು ನೆಲಕ್ಕೆ ಸಮನಾಗಿ ಮುಂದಕ್ಕೆ ತಳ್ಳಿದರೆ, ಆ ಚಕ್ರದ ಮೇಲಿನ ಭಾರದ 1.8 ಪಟ್ಟು ಬಲ ಬೇಕು. ಎತ್ತೋದಕ್ಕಿಂತ ಕಷ್ಟ! ಅದೇ ಅಚ್ಚನ್ನು ಓರೆಯಾಗಿ ಮೇಲಕ್ಕೂ ಮುಂದಕ್ಕೂ ಎಳೆದರೆ, ಸರಿಯಾದ ಕೋನದಲ್ಲಿ ಭಾರದ 0.87 ಪಟ್ಟು ಸಾಕು. ಮೆಟ್ಟಿಲ ಮೂಲೆಯಿಂದ ಅಚ್ಚಿಗೆ ಗೆರೆ ಎಳೆಯಿರಿ, ಆ ಗೆರೆಗೆ ಲಂಬವಾದ ದಿಕ್ಕೇ ಸರಿಯಾದ ದಿಕ್ಕು. ಪೈಥಾಗೊರಸ್ ಗೊತ್ತಿದ್ದರೆ ಈ ಎರಡು ಸಂಖ್ಯೆಗಳನ್ನು ನೀವೇ ತೆಗೆಯಬಹುದು, ಮಾಡಿ ನೋಡಿ. 25 ಸೆಂಟಿಮೀಟರ್ ತ್ರಿಜ್ಯದ ಮಕ್ಕಳ ಸೈಕಲ್ ಚಕ್ರಕ್ಕೆ 1.8ರ ಜಾಗದಲ್ಲಿ ಸುಮಾರು 3 ಬರುತ್ತೆ. ದೊಡ್ಡ ಚಕ್ರ ಮೆಟ್ಟಿಲಿಗೆ ಒಳ್ಳೆಯದು.

ಓರೆ ಎಳೆತ ಅಮ್ಮನಿಗೆ ಸ್ವಲ್ಪ ಹಗುರ ಅನ್ನಿಸಿತು. ಆದರೂ 36 ಸಲ ಕುಕ್ಕರಿಸಿ ಕುಕ್ಕರಿಸಿ ಎಳೆಯಬೇಕು.

ಅದಕ್ಕೇ ಇಳಿಜಾರು. ಗಾಲಿಕುರ್ಚಿಗೆ ಹಾಕುವಂಥ ಸುಖದ ಇಳಿಜಾರು 12 ಅಡಿಗೆ 1 ಅಡಿ ಏರುತ್ತೆ. ಆ ಲೆಕ್ಕದಲ್ಲಿ ಒಂದು ಮಹಡಿಗೇ 36 ಮೀಟರಿಗಿಂತ ಉದ್ದ ಬೇಕು, ಬೀದಿ ದಾಟಿ ಹೋಗುತ್ತೆ! ಹಾಗಾಗಿ ಮೆಟ್ಟಿಲ ಓರೆಯ ಮೇಲೇ ಹಲಗೆ ಮಲಗಿಸಬೇಕು. ಪ್ರತಿ ಮೆಟ್ಟಿಲಿಗೆ ಓರೆ ಉದ್ದ 32 ಸೆಂಟಿಮೀಟರ್, ಎತ್ತರ 17. ಭಾಗಿಸಿದರೆ 0.53. ಅಂದರೆ 24 ಕಿಲೋ ಸೈಕಲ್ಲನ್ನು 12.8 ಕಿಲೋ ಭಾರದಷ್ಟು ಬಲದಿಂದ ತಳ್ಳಬಹುದು. ಕೆಲಸ ಕಡಿಮೆಯಾಗಲಿಲ್ಲ, ಉದ್ದ ಹೆಚ್ಚಾಯಿತು, ಬಲ ಅರ್ಧವಾಯಿತು. ನೆದರ್ಲೆಂಡ್ಸಿನ ರೈಲು ನಿಲ್ದಾಣಗಳ ಮೆಟ್ಟಿಲ ಪಕ್ಕದಲ್ಲಿ ಚಕ್ರ ಕೂರುವಂಥ ಸಣ್ಣ ಕಾಲುವೆ ಮಾಡಿರುತ್ತಾರೆ, ಇದೇ ಉಪಾಯ. ನಾರ್ವೆಯ ಟ್ರಾನ್‌ಹೈಮ್ ಊರಿನಲ್ಲಂತೂ 1993ರಲ್ಲಿ ಕಡಿದಾದ ಬೀದಿಗೆ 130 ಮೀಟರ್ ಉದ್ದದ ಸೈಕಲ್ ಲಿಫ್ಟನ್ನೇ ಹಾಕಿದರು. ಪಾದವನ್ನು ಒಂದು ಮೆಟ್ಟಿನ ಮೇಲಿಟ್ಟರೆ ಅದು ಸೈಕಲ್ ಸಮೇತ ಮೇಲಕ್ಕೆ ತಳ್ಳುತ್ತೆ.

ನಮಗೆ ಸಿಕ್ಕಿದ್ದು ಗುಜರಿ ಅಂಗಡಿಯ ಹತ್ತಡಿ ಅಲ್ಯೂಮಿನಿಯಂ ಚಾನೆಲ್, ಮೂರೂವರೆ ಕಿಲೋ. ಗೋಡೆ ಪಕ್ಕ ಇಟ್ಟೆವು. ಎರಡು ಮೆಟ್ಟಿಲು ಹೋಗುವಷ್ಟರಲ್ಲಿ ಪೆಡಲ್ ಗೋಡೆಗೆ ಬಡಿಯಿತು, ಹ್ಯಾಂಡಲ್ ಸುಣ್ಣ ಕೆರೆಯಿತು. ಲೆಕ್ಕದಲ್ಲಿ ಪೆಡಲ್ ಇರಲಿಲ್ಲವಲ್ಲ! ಹೆಚ್ಚು ಕಡಿಮೆ ಒಂದಡಿ ಈಚೆ ತಂದಮೇಲೆ ಹೋಯಿತು. ಕೈತಕ್ಕಡಿ ಕಟ್ಟಿ ಎಳೆದು ನೋಡಿದರೆ 14 ಕಿಲೋ ತೋರಿಸಿತು. ಲೆಕ್ಕಕ್ಕಿಂತ ಒಂದು ಕಿಲೋ ಚಿಲ್ಲರೆ ಹೆಚ್ಚು, ಅದು ಘರ್ಷಣೆಯ ಪಾಲು.

ಈಗ ಹುಡುಗಿಯ ಮೂಲ ಪ್ರಶ್ನೆ. ಅವಳಮ್ಮನ ಸೈಕಲ್ಲಿನಲ್ಲಿ ನಡಿಗೆಯ ಗುಂಡಿ ಅಂತ ಒಂದಿದೆ, ಒತ್ತಿ ಹಿಡಿದರೆ ಮೋಟಾರು ನಿಧಾನವಾಗಿ ಚಕ್ರ ತಿರುಗಿಸುತ್ತೆ. ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಈ ಇಳಿಜಾರು ಹತ್ತಲು 63 ವಾಟ್ ಸಾಕು. ಮೋಟಾರು 250 ವಾಟ್‌ನದು. ಆಗಲೇಬೇಕಲ್ಲ? ಆಗಲಿಲ್ಲ. ಸೈಕಲ್ಲನ್ನು ಕಂಬಕ್ಕೆ ಕೈತಕ್ಕಡಿಯಿಂದ ಕಟ್ಟಿ ಗುಂಡಿ ಒತ್ತಿದೆವು. ಮುಳ್ಳು 6 ಕಿಲೋದಲ್ಲಿ ನಿಂತಿತು. ವಾಟ್ ಇದ್ದರೆ ಸಾಲದು, ನಿಧಾನ ವೇಗದಲ್ಲಿ ಚಕ್ರದ ಅಂಚಿಗೆ ಬಲ ಬರಬೇಕು. ಜೊತೆಗೆ ತಿರುಗೋದು ಹಿಂದಿನ ಚಕ್ರ ಮಾತ್ರ, ನುಣುಪು ಅಲ್ಯೂಮಿನಿಯಂ ಮೇಲೆ ಅದು ಜಾರಿತು. ಹಳೇ ಟ್ಯೂಬ್ ಕತ್ತರಿಸಿ ಚಾನೆಲ್ಲಿನೊಳಗೆ ಅಂಟಿಸಿದ ಮೇಲೆ ಜಾರೋದು ನಿಂತಿತು. ಆಗ ಮೋಟಾರು ಅರ್ಧಕ್ಕೆ ಹತ್ತಿರ ಎಳೆಯಿತು, ಉಳಿದಿದ್ದನ್ನು ಅಮ್ಮ ತಳ್ಳಿದರು. "ಇಷ್ಟೇನಾ?" ಅಂದರು ಮೇಲೆ ನಿಂತು. ಆ ಸಂಜೆ ನನಗಾದ ಖುಷಿ ಹೇಳತೀರದು.

ಖುಷಿ ನಾಲ್ಕು ದಿನ ಇತ್ತು. ಪ್ರತಿ ತಿರುವಿನಲ್ಲೂ ಸೈಕಲ್ ನಿಲ್ಲಿಸಿ ಚಾನೆಲ್ ಎತ್ತಿ ಮುಂದಿನ ಸಾಲಿಗೆ ಇಡಬೇಕು, ನಾಲ್ಕು ಸಲ. ಅಲ್ಲೇ ಬೋಲ್ಟ್ ಹಾಕೋಣ ಅಂದರೆ ಮೊದಲನೇ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಕಣ್ಣು ಮಂಜು. "ಎಡವಿ ಬಿದ್ದರೆ ನನ್ನನ್ನ ಯಾರಪ್ಪಾ ಹೊತ್ಕೊಂಡು ಹತ್ತಿಸ್ತಾರೆ?" ಅಂದರು. ಮನೆ ಓನರ್ ಅವರ ಪರ. ಅಜ್ಜಿ ಹೇಳಿದ್ದು ಸರಿ ಅಂತ ನನಗೂ ಅನ್ನಿಸಿತು.

ಹಾಗಾದರೆ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ನಿಲ್ಲಿಸಿ ಅಲ್ಲೇ ಚಾರ್ಜ್ ಹಾಕಲಿ ಅಂತ ಓನರ್ ಉದಾರವಾಗಿ ಹೇಳಿದರು, ಪ್ಲಗ್ ಕೂಡ ಹಾಕಿಸಿಕೊಡ್ತೀನಿ ಅಂದರು. ನಾನು ಬೇಡವೇ ಬೇಡ ಅಂದೆ. ಲಿಥಿಯಂ-ಅಯಾನ್ ಬ್ಯಾಟರಿಯ ಒಂದು ಕೋಶ ಪೆಟ್ಟು ಬಿದ್ದೋ, ತಪ್ಪು ಚಾರ್ಜರಿನಿಂದಲೋ ಮಿತಿಮೀರಿ ಬಿಸಿಯಾದರೆ ಒಳಗಿನ ರಾಸಾಯನಿಕ ಕ್ರಿಯೆಯೇ ಇನ್ನಷ್ಟು ಶಾಖ ಹುಟ್ಟಿಸುತ್ತೆ. ಆ ಶಾಖ ಪಕ್ಕದ ಕೋಶಕ್ಕೆ, ಅಲ್ಲಿಂದ ಮುಂದಿನದಕ್ಕೆ. ಬೆಂಕಿ, ಜೊತೆಗೆ ವಿಷದ ಹೊಗೆ. 2022ರಲ್ಲಿ ನಮ್ಮ ದೇಶದಲ್ಲಿ ಹಲವು ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿ ಮಾಡಿತು. ನ್ಯೂಯಾರ್ಕ್ ನಗರದಲ್ಲಿ 2023ರಿಂದ ಸುರಕ್ಷತಾ ಪ್ರಮಾಣಪತ್ರ ಇಲ್ಲದ ಇ-ಸೈಕಲ್ ಬ್ಯಾಟರಿ ಮಾರುವ ಹಾಗಿಲ್ಲ. ಒಳ್ಳೆಯ ಬ್ಯಾಟರಿಗೆ ಇಂಥದ್ದಾಗೋದು ಅಪರೂಪವೇ. ಆದರೆ ಆ ಕಟ್ಟಡದ ಆರು ಮನೆಗಳಿಗೆ ಹೊರಬರಲು ಇರೋದು ಅದೊಂದೇ ಮೆಟ್ಟಿಲು. ಆ ಮೆಟ್ಟಿಲ ಕೆಳಗೆ ಹೊಗೆ ಎದ್ದರೆ ಅಜ್ಜಿ ಎಲ್ಲಿ ಇಳಿಯಬೇಕು?

ಕೊನೆಗೆ ಆದದ್ದು ಇಷ್ಟು. ಮುಂದಿನ ಪಾರ್ಕಿಂಗಿನ ಪಿಲ್ಲರಿಗೆ ವೆಲ್ಡಿಂಗ್ ಅಂಗಡಿಯವರು ಒಂದು ದಪ್ಪ ಬಳೆ ಕೂರಿಸಿಕೊಟ್ಟರು. ಸೈಕಲ್ ಅಲ್ಲೇ ಸರಪಳಿಯಲ್ಲಿ. ಅಮ್ಮ ಬ್ಯಾಟರಿ ಮಾತ್ರ ಚೀಲದಲ್ಲಿ ಹಾಕಿಕೊಂಡು ಹತ್ತುತ್ತಾರೆ. ಎರಡೂವರೆ ಕಿಲೋ, 150 ಜೂಲ್. ಮೊದಲೆಲ್ಲ ಮಲಗುವಾಗ ಬಾಗಿಲ ಪಕ್ಕ ಚಾರ್ಜಿಗೆ ಹಾಕುತ್ತಿದ್ದರು. ಈಗ ಹಾಲ್‌ನಲ್ಲಿ ಬಾಗಿಲಿಂದ ದೂರ, ಬರೀ ನೆಲದ ಮೇಲೆ, ಸೈಕಲ್ ಜೊತೆ ಬಂದ ಚಾರ್ಜರಿನಲ್ಲೇ, ಎಲ್ಲರೂ ಎದ್ದಿರುವಾಗ ಹಾಕುತ್ತಾರೆ. ದಿನಕ್ಕೆ ಅರ್ಧ ಬ್ಯಾಟರಿಯಷ್ಟೇ ಖಾಲಿಯಾಗೋದು, ಎರಡೂವರೆ ಗಂಟೆ ಸಾಕು.

"ಬ್ಯಾಟರಿ ಇಲ್ಲದ ಸೈಕಲ್ ಕದ್ದು ಅವನೇನ್ ಮಾಡ್ತಾನೆ ಬಿಡಮ್ಮ" ಅಂತ ಮಗಳು ಧೈರ್ಯ ಹೇಳುತ್ತಾಳಂತೆ. ಅಮ್ಮ ಆದರೂ ರಾತ್ರಿ ಒಂದು ಸಲ ಬಾಲ್ಕನಿಯಿಂದ ಬಗ್ಗಿ ನೋಡೋದು ಬಿಟ್ಟಿಲ್ಲ. ಜೋರು ಮಳೆ ಬಂದು ಪಾರ್ಕಿಂಗಿಗೆ ನೀರು ನುಗ್ಗಿದರೆ ಮೊದಲ ತಿರುವಿನವರೆಗೆ ಸೈಕಲ್ ಏರಿಸಲೇಬೇಕು, ಒಂಬತ್ತು ಮೆಟ್ಟಿಲು. ಅದಕ್ಕಾಗಿ ಚಾನೆಲ್ಲನ್ನು ಟೆರೇಸಿನಲ್ಲಿ ಎತ್ತಿಟ್ಟಿದ್ದಾರೆ. ಇಳಿಸುವಾಗ ಎರಡೂ ಬ್ರೇಕ್ ಹಿಡಿದಿರಬೇಕು, ಸೈಕಲ್ಲಿನ ಕೆಳಗಡೆ ಯಾರೂ ನಿಲ್ಲಬಾರದು, ಅದನ್ನು ಮಾತ್ರ ಮರೆಯಬೇಡಿ ಅಂತ ಹೇಳಿದ್ದೇನೆ.

ನಿಮ್ಮ ಮನೆಯ, ಶಾಲೆಯ ಮೆಟ್ಟಿಲಿನ ಎತ್ತರ, ಅಗಲ ಅಳೆಯಿರಿ. ಅದರ ಓರೆಯಲ್ಲಿ 24 ಕಿಲೋ ತಳ್ಳಲು ಎಷ್ಟು ಬಲ ಬೇಕು ಅಂತ ಲೆಕ್ಕ ಹಾಕಿ ನಿಮ್ಮ ವಿಜ್ಞಾನ ಮೇಷ್ಟ್ರಿಗೆ ತೋರಿಸಿ. ಪೆಡಲ್ ಮರೆಯಬೇಡಿ.