ಕಾರಿನ ಹಿಂಬದಿಗೆ ಸೈಕಲ್ ರ‍್ಯಾಕ್ ಅಳವಡಿಸುವ ಮುನ್ನ: ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ರಜಾ ದಿನಗಳಲ್ಲಿ ಸೈಕಲ್‌ಗಳನ್ನು ಕಾರಿನಲ್ಲಿ ನಂದಿಬೆಟ್ಟ, ಚಿಕ್ಕಮಗಳೂರು, ಕೊಡಗು ಮುಂತಾದ ಸ್ಥಳಗಳಿಗೆ ಕೊಂಡೊಯ್ದು ಅಲ್ಲಿ ಸವಾರಿ ಮಾಡುವ ಅಭ್ಯಾಸ ನಾಗರಿಕರಲ್ಲಿ ಕಂಡುಬರುತ್ತಿದೆ. ಇದಕ್ಕಾಗಿ ಕಾರಿನ ಹಿಂಬದಿಗೆ, ವಿಶೇಷವಾಗಿ ಟೋ ಬಾರ್ ಮೇಲೆ, ರ‍್ಯಾಕ್ ಅಳವಡಿಸಬಹುದೇ, ಅನುಮತಿ ಬೇಕೇ, ದಂಡ ಬೀಳುವುದೇ ಎಂಬ ಪ್ರಶ್ನೆಗಳು ಸಹಜವಾಗಿವೆ. ಹಲವು ಸಾವಿರ ರೂಪಾಯಿ ವೆಚ್ಚ ಮಾಡಿದ ನಂತರ ರ‍್ಯಾಕ್ ತಮ್ಮ ಕಾರಿಗೆ ಹೊಂದುವುದಿಲ್ಲವೆಂದು ತಿಳಿಯುವುದಕ್ಕಿಂತ ಮೊದಲೇ ವಿಷಯವನ್ನು ಅರಿತುಕೊಳ್ಳುವುದು ಸೂಕ್ತ. ಈ ಉದ್ದೇಶದಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ರ‍್ಯಾಕ್‌ಗಳ ವಿಧಗಳು

ಅ) ಚಾವಣಿ ರ‍್ಯಾಕ್: ಸೈಕಲ್ ಕಾರಿನ ಮೇಲ್ಭಾಗದಲ್ಲಿ ನಿಲ್ಲುತ್ತದೆ. ನೋಂದಣಿ ಫಲಕ ಮತ್ತು ದೀಪಗಳು ಮರೆಯಾಗುವುದಿಲ್ಲ. ಆದರೆ ಒಟ್ಟು ಎತ್ತರ 2.5 ಮೀಟರ್‌ಗೂ ಹೆಚ್ಚಾಗಬಹುದಾದ್ದರಿಂದ ನೆಲಮಾಳಿಗೆಯ ವಾಹನ ನಿಲುಗಡೆ ಮತ್ತು ರೈಲ್ವೆ ಕೆಳಸೇತುವೆಗಳಲ್ಲಿ ಎಚ್ಚರಿಕೆ ಅಗತ್ಯ. ಚಾವಣಿಯು ಹೊರಬಹುದಾದ ಭಾರವನ್ನು ಕಾರಿನ ಕೈಪಿಡಿಯಲ್ಲಿ ನೋಡಬೇಕು.

ಆ) ಡಿಕ್ಕಿ ಬಾಗಿಲಿಗೆ ಪಟ್ಟಿಗಳಿಂದ ಬಿಗಿಯುವ ರ‍್ಯಾಕ್: ಬೆಲೆ ಕಡಿಮೆ. ಆದರೆ ಇಡೀ ಭಾರ ಬಾಗಿಲಿನ ತಗಡು, ಗಾಜು ಮತ್ತು ಕೀಲುಗಳ ಮೇಲೆ ಬೀಳುತ್ತದೆ. ಹಿಂಭಾಗದಲ್ಲಿ ಸ್ಪಾಯ್ಲರ್ ಇರುವ ಕಾರುಗಳಿಗೆ ಅನೇಕ ವೇಳೆ ಹೊಂದುವುದಿಲ್ಲ.

ಇ) ಟೋ ಬಾರ್ ರ‍್ಯಾಕ್: ಕಾರಿನ ಚಾಸಿಗೆ ಜೋಡಿಸಿದ ಉಕ್ಕಿನ ತೊಲೆಯ ಮೇಲೆ ಕೂರುತ್ತದೆ. ಸೈಕಲ್ ಎತ್ತಬೇಕಾದ ಎತ್ತರ ಕಡಿಮೆ, ಹಿಡಿತ ಗಟ್ಟಿ. ಯೂರೋಪಿನಲ್ಲಿ ಇದರ ಬಳಕೆ ವ್ಯಾಪಕವಾಗಿದೆ.

3. ಟೋ ಬಾರ್ ಎಂದರೇನು?

ಟ್ರೇಲರ್ ಎಳೆಯುವ ಸಲುವಾಗಿ ಚಾಸಿಗೆ ಬೋಲ್ಟ್‌ಗಳಿಂದ ಜೋಡಿಸಿದ ತೊಲೆಯೇ ಟೋ ಬಾರ್. ಯೂರೋಪಿನ ಮಾದರಿಯಲ್ಲಿ ಅದರ ತುದಿಗೆ 50 ಮಿ.ಮೀ. ವ್ಯಾಸದ ಉಕ್ಕಿನ ಗುಂಡು ಇರುತ್ತದೆ ಮತ್ತು ರ‍್ಯಾಕ್ ಆ ಗುಂಡನ್ನು ಕಚ್ಚಿ ಹಿಡಿಯುತ್ತದೆ. ಅಮೆರಿಕದಲ್ಲಿ ಗುಂಡಿನ ಬದಲು ಚೌಕಾಕಾರದ ಕೊಳವೆಯೊಳಗೆ ರ‍್ಯಾಕ್‌ನ ತೋಳನ್ನು ಸೇರಿಸುವ ಪದ್ಧತಿ ಇದೆ. ಒಂದಕ್ಕೆ ತಯಾರಾದ ರ‍್ಯಾಕ್ ಮತ್ತೊಂದಕ್ಕೆ ನೇರವಾಗಿ ಹೊಂದುವುದಿಲ್ಲ.

ಕಾರಿನೊಂದಿಗೆ ಬರುವ, ಕೆಟ್ಟು ನಿಂತಾಗ ಎಳೆಯಲು ತಿರುಗಿಸಿ ಹಾಕುವ ಕೊಂಡಿಯನ್ನು ಟೋ ಬಾರ್ ಎಂದು ಭಾವಿಸಬಾರದು. ಅದು ಎಳೆತಕ್ಕಾಗಿ ಇರುವ ಕೊಂಡಿಯೇ ಹೊರತು ಮೇಲಿನಿಂದ ಬೀಳುವ ಭಾರವನ್ನು ಹೊರಲು ವಿನ್ಯಾಸಗೊಂಡದ್ದಲ್ಲ. ಅದಕ್ಕೆ ಯಾವುದೇ ರ‍್ಯಾಕ್ ತಗುಲಿಸಕೂಡದು. ಹಾಗೆಯೇ, ಬಂಪರ್‌ಗೆ ವೆಲ್ಡಿಂಗ್ ಮೂಲಕ ಜೋಡಿಸಿದ ತೊಲೆಯು ಹಿಂಬದಿ ಡಿಕ್ಕಿಯ ಆಘಾತವನ್ನು ನೇರವಾಗಿ ಚಾಸಿಗೆ ಮತ್ತು ಪ್ರಯಾಣಿಕರಿಗೆ ತಲುಪಿಸುವ ಅಪಾಯವಿದೆ.

4. ಭಾರದ ಲೆಕ್ಕ

ಟೋ ಬಾರ್ ಗುಂಡಿನ ಮೇಲೆ ಲಂಬವಾಗಿ ಹೇರಬಹುದಾದ ಗರಿಷ್ಠ ಭಾರವನ್ನು ತಯಾರಕರು ನಿಗದಿಪಡಿಸಿರುತ್ತಾರೆ. ಈ ಮಿತಿಯಲ್ಲಿ ರ‍್ಯಾಕ್‌ನ ಸ್ವಂತ ತೂಕವೂ ಸೇರಿರುತ್ತದೆ ಎಂಬುದನ್ನು ಮರೆಯಬಾರದು. ಉದಾಹರಣೆಗೆ:

ನಿಗದಿತ ಮಿತಿ: 75 ಕಿ.ಗ್ರಾಂ.
ಕಳೆ: ರ‍್ಯಾಕ್‌ನ ತೂಕ: 18 ಕಿ.ಗ್ರಾಂ.
ಸೈಕಲ್‌ಗಳಿಗೆ ಉಳಿಯುವುದು: 57 ಕಿ.ಗ್ರಾಂ.

ತಲಾ 15 ಕಿ.ಗ್ರಾಂ. ತೂಗುವ 3 ಸಾಮಾನ್ಯ ಸೈಕಲ್‌ಗಳು (45 ಕಿ.ಗ್ರಾಂ.) ಈ ಮಿತಿಯೊಳಗೆ ಬರುತ್ತವೆ. ತಲಾ 25 ಕಿ.ಗ್ರಾಂ. ತೂಗುವ ವಿದ್ಯುತ್ ಸೈಕಲ್‌ಗಳಾದರೆ 2 ಮಾತ್ರ (50 ಕಿ.ಗ್ರಾಂ.) ಸಾಧ್ಯ, ಮೂರನೆಯದಕ್ಕೆ ಅವಕಾಶವಿಲ್ಲ. ರ‍್ಯಾಕ್‌ನಲ್ಲಿ 3 ಹಳಿಗಳಿವೆ ಎಂಬ ಮಾತ್ರಕ್ಕೆ 3 ಸೈಕಲ್ ಏರಿಸಬಹುದೆಂದು ಅರ್ಥವಲ್ಲ. ಟೋ ಬಾರ್, ಕಾರು ಮತ್ತು ರ‍್ಯಾಕ್ ಈ ಮೂರಕ್ಕೂ ಪ್ರತ್ಯೇಕ ಮಿತಿಗಳಿದ್ದು, ಅವುಗಳಲ್ಲಿ ಅತ್ಯಂತ ಕಡಿಮೆ ಇರುವುದನ್ನೇ ಪಾಲಿಸತಕ್ಕದ್ದು.

ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಇರುವ ಭಾರವು ತಕ್ಕಡಿಯ ದಂಡದಂತೆ ವರ್ತಿಸುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 2.4 ಮೀಟರ್ ಅಂತರವಿರುವ ಕಾರಿನಲ್ಲಿ, ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದಕ್ಕೆ 70 ಕಿ.ಗ್ರಾಂ. ಭಾರ ಹೇರಿದರೆ, ಹಿಂದಿನ ಆಕ್ಸಲ್ ಮೇಲೆ 105 ಕಿ.ಗ್ರಾಂ. ಹೆಚ್ಚುತ್ತದೆ ಮತ್ತು ಮುಂದಿನ ಚಕ್ರಗಳಿಂದ 35 ಕಿ.ಗ್ರಾಂ. ಕಡಿಮೆಯಾಗುತ್ತದೆ. ಮುಂದಿನ ಚಕ್ರಗಳೇ ಎಳೆಯುವ ಚಿಕ್ಕ ಕಾರುಗಳಲ್ಲಿ ಇದರಿಂದ ಹಿಡಿತ ಮತ್ತು ಸ್ಟಿಯರಿಂಗ್ ಹಗುರಾಗುತ್ತವೆ. ಡಿಕ್ಕಿಯನ್ನೂ ತುಂಬಿಸಿ ಮಳೆಗಾಲದಲ್ಲಿ ಘಾಟಿ ಏರುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

5. ಕಾನೂನಿನ ಅಂಶಗಳು

5.1 ರಚನೆಯ ಬದಲಾವಣೆ: ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ್ದಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ವಾಹನದ ಮೂಲ ಲಕ್ಷಣವನ್ನು ಬದಲಿಸುವ ರಚನಾತ್ಮಕ ಬದಲಾವಣೆಯನ್ನು ಇಲ್ಲಿ ಮಾರ್ಪಾಡು ಎಂದು ವಿವರಿಸಲಾಗಿದೆ. ಚಾಸಿಯನ್ನು ಕತ್ತರಿಸುವುದು, ಕೊರೆಯುವುದು, ವೆಲ್ಡಿಂಗ್ ಮಾಡುವುದು ಇವುಗಳಿಗೆ ಮುಂದಾಗಬಾರದು. ಅನುಮತಿಯಿಲ್ಲದ ಬಿಡಿಭಾಗಗಳನ್ನು ಜೋಡಿಸಿ ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ ಪ್ರಕರಣ 182ಎ(4)ರಡಿ 6 ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಇದು 2019ರ ತಿದ್ದುಪಡಿಯಿಂದ ಸೇರ್ಪಡೆಯಾಗಿದೆ. ಬಂಪರ್ ಮುಂದೆ ಹಾಕುವ ಕ್ರ್ಯಾಶ್ ಗಾರ್ಡ್‌ಗಳು ಪ್ರಕರಣ 52ರ ಉಲ್ಲಂಘನೆಯೆಂದು ಕೇಂದ್ರ ಸಚಿವಾಲಯವು ಡಿಸೆಂಬರ್ 2017ರಲ್ಲಿಯೇ ರಾಜ್ಯಗಳಿಗೆ ತಿಳಿಸಿರುವುದನ್ನು ಇಲ್ಲಿ ಸ್ಮರಿಸಬಹುದು.

5.2 ನೋಂದಣಿ ಫಲಕ: ರ‍್ಯಾಕ್ ಅಥವಾ ಸೈಕಲ್‌ನಿಂದ ಹಿಂಬದಿಯ ನೋಂದಣಿ ಫಲಕ ಮರೆಯಾಗಕೂಡದು. ವಿದೇಶಿ ರ‍್ಯಾಕ್‌ಗಳಲ್ಲಿ ಹೆಚ್ಚುವರಿ ಫಲಕ ಜೋಡಿಸುವ ಜಾಗ ಇರುತ್ತದೆ. ಬ್ರಿಟನ್ ಮತ್ತು ಜರ್ಮನಿಯಲ್ಲಿ ಇಂತಹ ಹೆಚ್ಚುವರಿ ಫಲಕಕ್ಕೆ ಅವಕಾಶವಿರುವುದೇ ಇದಕ್ಕೆ ಕಾರಣ. ನಮ್ಮಲ್ಲಿ ಅತಿ ಸುರಕ್ಷಿತ ನೋಂದಣಿ ಫಲಕವು ಹೊಲೊಗ್ರಾಂ ಹಾಗೂ ಲೇಸರ್‌ನಿಂದ ಕೊರೆದ ಕ್ರಮಸಂಖ್ಯೆಯನ್ನು ಹೊಂದಿದ್ದು, ಒಮ್ಮೆ ಹಾಕಿದರೆ ಮುರಿಯದೆ ತೆಗೆಯಲಾಗದ ಲಾಕ್‌ನಿಂದ ವಾಹನಕ್ಕೆ ಜೋಡಣೆಯಾಗಿರುತ್ತದೆ. ಅದನ್ನು ಬಿಚ್ಚಿ ರ‍್ಯಾಕ್‌ಗೆ ವರ್ಗಾಯಿಸುವಂತಿಲ್ಲ. ಅಂಗಡಿಯಲ್ಲಿ ಬರೆಸಿದ ಫಲಕವು ಅದಕ್ಕೆ ಬದಲಿಯಾಗುವುದಿಲ್ಲ. ಆದ್ದರಿಂದ ಫಲಕವನ್ನು ಮರೆಮಾಡದ ರ‍್ಯಾಕ್ ಆಯ್ಕೆಮಾಡುವುದೇ ದಾರಿ.

5.3 ದೀಪಗಳು: ಹಿಂಬದಿಯ ಕೆಂಪು ದೀಪ, ಬ್ರೇಕ್ ದೀಪ, ದಿಕ್ಕು ಸೂಚಕ ದೀಪ ಹಾಗೂ ಫಲಕದ ಮೇಲೆ ಬೀಳುವ ಬಿಳಿ ಬೆಳಕು ಹಿಂದಿನಿಂದ ಸ್ಪಷ್ಟವಾಗಿ ಕಾಣಬೇಕು. ರ‍್ಯಾಕ್‌ನಲ್ಲಿಯೇ ದೀಪಗಳಿರುವ ಮಾದರಿಗಳಿಗೆ 7 ಅಥವಾ 13 ಪಿನ್‌ಗಳ ಸಾಕೆಟ್ ಬೇಕು. ಟೋ ಬಾರ್ ಇಲ್ಲದ ಕಾರಿನಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಕಾರಿನ ವೈರಿಂಗ್ ಕತ್ತರಿಸಿ ಸಂಪರ್ಕ ಕೊಡಿಸುವುದರಿಂದ ಬೆಂಕಿಯ ಅಪಾಯವಲ್ಲದೆ ವಾರಂಟಿ ತಿರಸ್ಕೃತವಾಗುವ ಸಂಭವವೂ ಇದೆ.

5.4 ಹೊರಚಾಚುವ ಸರಕು: ದೊಡ್ಡವರ ಸೈಕಲ್ ಸುಮಾರು 1.7ರಿಂದ 1.8 ಮೀಟರ್ ಉದ್ದವಿರುತ್ತದೆ. ಚಿಕ್ಕ ಕಾರುಗಳ ಅಗಲ ಇದಕ್ಕಿಂತ ಕಡಿಮೆ ಇರುವುದುಂಟು. ಅಡ್ಡಲಾಗಿ ಇಟ್ಟಾಗ ಚಕ್ರಗಳು ಪಕ್ಕಕ್ಕೆ ಚಾಚುತ್ತವೆ. ಅನುಮತಿಸಿದ ಮಿತಿ ಮೀರಿ ಸರಕು ಹೊರಚಾಚಿದಲ್ಲಿ ಪ್ರಕರಣ 194(1ಎ) ಅಡಿ ರೂ. 20,000 ದಂಡಕ್ಕೆ ಅವಕಾಶವಿದೆ. ಮುಂದಿನ ಚಕ್ರವನ್ನು ಕಳಚಿ ಕಾರಿನೊಳಗೆ ಇಡುವುದು ಸುಲಭ ಪರಿಹಾರ.

6. ಖರೀದಿಗೆ ಮುನ್ನ ಪರಿಶೀಲಿಸಬೇಕಾದವು

(1) ತಮ್ಮ ಕಾರಿನ ಮಾದರಿಗೆ ಟೋ ಬಾರ್ ಅಳವಡಿಸಲು ತಯಾರಕರ ಸಮ್ಮತಿ ಇದೆಯೇ ಎಂಬುದನ್ನು ಕೈಪಿಡಿಯಲ್ಲಿ ನೋಡಿ, ಅಧಿಕೃತ ಡೀಲರ್‌ರಿಂದ ಲಿಖಿತವಾಗಿ ಪಡೆಯುವುದು. ಸಮ್ಮತಿ ಇಲ್ಲವಾದಲ್ಲಿ ಈ ವಿಧದ ರ‍್ಯಾಕ್ ಕೈಬಿಡುವುದು.
(2) ಸೈಕಲ್‌ಗಳನ್ನು ಮನೆಯಲ್ಲಿಯೇ ತೂಗಿ ಮೇಲಿನಂತೆ ಲೆಕ್ಕ ಹಾಕುವುದು.
(3) ಸೈಕಲ್‌ನ ಚೌಕಟ್ಟಿನ ಕೊಳವೆ ಮತ್ತು ಟೈರಿನ ಅಗಲಕ್ಕೆ ರ‍್ಯಾಕ್‌ನ ಹಿಡಿಕೆ ಹೊಂದುವುದೇ ಎಂದು ನೋಡುವುದು. ಕಾರ್ಬನ್ ಚೌಕಟ್ಟನ್ನು ಬಿಗಿಯಾಗಿ ಅದುಮುವ ಹಿಡಿಕೆ ಸೂಕ್ತವಲ್ಲ.
(4) ರ‍್ಯಾಕ್ ಹಿಂದಕ್ಕೆ ಬಾಗದಿದ್ದರೆ ಪ್ರತಿ ಬಾರಿ ಡಿಕ್ಕಿ ತೆರೆಯಲು ಸೈಕಲ್‌ಗಳನ್ನು ಇಳಿಸಬೇಕಾಗುತ್ತದೆ. ಸ್ಟೆಪ್ನಿಯನ್ನು ತೆಗೆಯಲು ಸಾಧ್ಯವೇ ಎಂಬುದನ್ನೂ ನೋಡುವುದು.
(5) 1 ಜುಲೈ 2019ರಿಂದ ಹೊಸ ಕಾರುಗಳಲ್ಲಿ ಕಡ್ಡಾಯವಾಗಿರುವ ಹಿಂಬದಿಯ ಪಾರ್ಕಿಂಗ್ ಸೆನ್ಸರ್‌ಗೆ ರ‍್ಯಾಕ್ ಅಡ್ಡಬರಬಹುದೆಂಬುದನ್ನು ತಿಳಿದಿರುವುದು.

7. ಪ್ರಯಾಣದ ವೇಳೆ

ಹೊರಡುವ ಮುನ್ನ ಇನ್ನೊಬ್ಬರನ್ನು ಕಾರಿನ ಹಿಂದೆ ನಿಲ್ಲಿಸಿ ಎಲ್ಲ ದೀಪಗಳನ್ನು ಮತ್ತು ಫಲಕವನ್ನು ಪರಿಶೀಲಿಸಬೇಕು. ಕೆಲವು ಕಿಲೋಮೀಟರ್ ಸಾಗಿದ ನಂತರ ನಿಲ್ಲಿಸಿ ಎಲ್ಲ ಬಿಗಿತಗಳನ್ನು ಮತ್ತೊಮ್ಮೆ ನೋಡಬೇಕು. ಪೆಡಲ್ ಮತ್ತು ಹ್ಯಾಂಡಲ್‌ಗಳ ತುದಿ ಹಿಂದೆ ಬರುವ ದ್ವಿಚಕ್ರ ವಾಹನ ಸವಾರರ ಎದೆಯ ಮಟ್ಟಕ್ಕೆ ಬರುವ ಸಾಧ್ಯತೆ ಇರುವುದರಿಂದ ಹ್ಯಾಂಡಲ್ ತಿರುಗಿಸಿ ಕಟ್ಟಿ, ತುದಿಗಳಿಗೆ ಮೆತ್ತನೆಯ ಹೊದಿಕೆ ಹಾಕಬೇಕು. ನೀರಿನ ಬಾಟಲಿ, ಪಂಪ್ ಮತ್ತು ಬ್ಯಾಟರಿಯನ್ನು ತೆಗೆದಿಡಬೇಕು. ರಸ್ತೆ ಉಬ್ಬುಗಳನ್ನು ನಿಧಾನವಾಗಿ ದಾಟಬೇಕು. ಬಳಕೆ ಮುಗಿದ ನಂತರ ಖಾಲಿ ರ‍್ಯಾಕ್ ಅನ್ನು ಕಾರಿನಲ್ಲಿ ಬಿಡದೆ ಕಳಚಿಡಬೇಕು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅಂಗಡಿಯವರು ರ‍್ಯಾಕ್‌ಗೆ ಆರ್‌ಟಿಒ ಅನುಮೋದನೆ ಇದೆ ಎನ್ನುತ್ತಾರೆ. ನಂಬಬಹುದೇ?
ಉತ್ತರ: ಪ್ರಾದೇಶಿಕ ಸಾರಿಗೆ ಕಚೇರಿಯು ಯಾವುದೇ ಬ್ರಾಂಡಿನ ರ‍್ಯಾಕ್‌ಗೆ ಅನುಮೋದನೆ ನೀಡುವುದಿಲ್ಲ. ಅಂತಹ ಹೇಳಿಕೆಯನ್ನು ಆಧರಿಸಿ ಖರೀದಿಸಬಾರದು.

ಪ್ರಶ್ನೆ: ವಿಮಾ ಕಂಪನಿಗೆ ತಿಳಿಸಬೇಕೇ?
ಉತ್ತರ: ತಿಳಿಸುವುದು ಸೂಕ್ತ. ಪ್ಯಾಕೇಜ್ ಪಾಲಿಸಿಯಲ್ಲಿ ವಿದ್ಯುತ್ ರಹಿತ ಉಪಸಾಧನಗಳ ಮೌಲ್ಯವನ್ನು ಪ್ರತ್ಯೇಕವಾಗಿ ಘೋಷಿಸಲು ಅವಕಾಶವಿದೆ. ಲಿಖಿತ ಸ್ವೀಕೃತಿಯನ್ನು ಇಟ್ಟುಕೊಳ್ಳಬೇಕು.

ಪ್ರಶ್ನೆ: ರ‍್ಯಾಕ್ ತಗುಲಿ ನೋಂದಣಿ ಫಲಕ ಹಾನಿಗೊಂಡಿದೆ. ಏನು ಮಾಡಬೇಕು?
ಉತ್ತರ: ಅಧಿಕೃತ ವ್ಯವಸ್ಥೆಯ ಮೂಲಕವೇ ಬದಲಿ ಫಲಕಕ್ಕೆ ಅರ್ಜಿ ಸಲ್ಲಿಸಿ ಅಳವಡಿಸಿಕೊಳ್ಳಬೇಕು. ಹೊರಗಡೆ ಮಾಡಿಸಿದ ಫಲಕ ಮಾನ್ಯವಲ್ಲ.

ಪ್ರಶ್ನೆ: ಯಾವುದೇ ರ‍್ಯಾಕ್ ಹೊಂದದಿದ್ದರೆ?
ಉತ್ತರ: ಹಿಂದಿನ ಸೀಟನ್ನು ಮಡಚಿ, ಮುಂದಿನ ಚಕ್ರ ಕಳಚಿದ ಸೈಕಲ್ ಅನ್ನು ಕಾರಿನೊಳಗೇ ಇಟ್ಟು ಪಟ್ಟಿಯಿಂದ ಕಟ್ಟಬಹುದು. ಒಂದು ಸೈಕಲ್‌ಗೆ ಇದೇ ಅತ್ಯಂತ ಕಡಿಮೆ ವೆಚ್ಚದ ಹಾಗೂ ತಕರಾರಿಲ್ಲದ ವಿಧಾನ.

ವಿಶೇಷ ಸೂಚನೆ: ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಅಧಿನಿಯಮ ಮತ್ತು ನಿಯಮಗಳ ಮೂಲ ಪಠ್ಯವೇ ಅಂತಿಮ. ತಮ್ಮ ವಾಹನದ ಬಗ್ಗೆ ಸಂದೇಹವಿದ್ದಲ್ಲಿ ನೋಂದಣಿ ಪ್ರಮಾಣಪತ್ರದ ಪ್ರತಿ ಮತ್ತು ರ‍್ಯಾಕ್‌ನ ವಿವರಪತ್ರದೊಂದಿಗೆ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ, ಹಣ ಪಾವತಿಸುವ ಮುನ್ನವೇ ವಿಚಾರಿಸಲು ಕೋರಲಾಗಿದೆ.