ಬ್ರೌಸರನ್ನು ನಂಬುವುದೆಂತು?

ನಾವು ಓದುವ ಪುಟ, ಹುಡುಕುವ ಪದ, ಬರೆಯುವ ಗುಪ್ತಪದಗಳೆಲ್ಲವೂ ಬ್ರೌಸರಿನ ಮೂಲಕವೇ ಹಾದುಹೋಗತಕ್ಕವು. 2015ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಸಿಟಿಜನ್ ಲ್ಯಾಬ್ ಸಂಶೋಧಕರು, ಕೋಟ್ಯಂತರ ಜನರು ಬಳಸುತ್ತಿದ್ದ ಯೂಸಿ ಬ್ರೌಸರಿನಿಂದ ಹುಡುಕಾಟದ ಪದಗಳು ಗೂಢಲಿಪಿಯ ರಕ್ಷಣೆಯಿಲ್ಲದೆ ಹೊರಹೋಗುತ್ತಿದ್ದುದನ್ನು ಕಂಡುಹಿಡಿದರು. ಹೀಗಿರುವಲ್ಲಿ, ಏಕಾಕಿಯಾಗಿ ಮೊಬೈಲ್ ಬ್ರೌಸರನ್ನು ರಚಿಸಿದ ಅಪರಿಚಿತನನ್ನು ನಂಬುವುದೆಂತು?

ಆತನ ಮಾತಿನಿಂದಲ್ಲ, ಪರೀಕ್ಷೆಯಿಂದ. ಸೋರ್ಸ್ ಕೋಡ್ ಎಂಬ ಮೂಲಬರಹವನ್ನು ಆತನು ಪ್ರಕಟಿಸಿದರೆ ಬಲ್ಲವರು ಅದನ್ನು ಓದಿ ನೋಡಬಹುದು. ಆದರೆ ನಮ್ಮ ಕೈಸೇರಿದ ಬ್ರೌಸರು ಅದರಿಂದಲೇ ಸಿದ್ಧವಾದುದೆಂಬುದಕ್ಕೆ ಪ್ರಮಾಣವೇನು? ಎಫ್-ಡ್ರಾಯ್ಡ್ ಎಂಬ ತಂತ್ರಾಂಶ ಭಂಡಾರದವರು ಅದೇ ಬರಹದಿಂದ ಆ್ಯಪನ್ನು ತಾವೇ ಮತ್ತೊಮ್ಮೆ ರಚಿಸಿ, ರಚನಕಾರನು ಕೊಟ್ಟುದರೊಡನೆ ಹೋಲಿಸುವುದುಂಟು. ಡಿಜಿಟಲ್ ಸಹಿಯೊಂದನ್ನುಳಿದು ಒಂದು ಬಿಟ್‌ನಷ್ಟೂ ವ್ಯತ್ಯಾಸವಿರಕೂಡದು. ಹೊಂದಿದ ಮಾತ್ರಕ್ಕೆ ಬರಹವು ನಿರ್ದೋಷವೆಂದಲ್ಲ. ಬಲ್ಲವರು ಓದಿದುದೇ ನಮ್ಮ ಕೈಯಲ್ಲಿರುವುದೆಂದು ಖಚಿತವಾಯಿತು. ಪ್ರತಿಯೊಂದು ಹೊಸ ಆವೃತ್ತಿಗೂ ಈ ಪರೀಕ್ಷೆ ಮತ್ತೆ ನಡೆಯತಕ್ಕದ್ದು.