ಗಣಕಯಂತ್ರದ ಗಂಟೆಗೆ ಶ್ರುತಿ

ಗಂಟೆಯ ಧ್ವನಿ ಮನುಷ್ಯನಿಗೆ ಬಹು ಪುರಾತನವಾದ ಕರೆ. ದೇವಾಲಯದ ಗಂಟೆ, ಶಾಲೆಯ ಗಂಟೆ, ಗಡಿಯಾರದ ಗಂಟೆ—ಇವುಗಳಲ್ಲಿ ಯಾವುದು ಮೊಳಗಿತೆಂಬುದನ್ನು ಕಣ್ಣಿನ ನೆರವಿಲ್ಲದೆಯೇ ಕಿವಿ ನಿರ್ಣಯಿಸುತ್ತದೆ. ಒಂದೊಂದರ ದನಿಯೂ ಬೇರೆ. ಗಣಕಯಂತ್ರದ ಗಂಟೆಗೆ ಮಾತ್ರ ಈ ಭಾಗ್ಯವಿಲ್ಲ. ತಪ್ಪು ಕೀಲಿಯನ್ನು ಒತ್ತಿದರೂ, ದೀರ್ಘವಾದ ಲೆಕ್ಕವೊಂದು ಮುಗಿದರೂ ಅದು ಒಂದೇ ಕರ್ಕಶ ಸ್ವರದಲ್ಲಿ ಕೂಗುತ್ತದೆ. ಲಾಲ್‌ಬಾಗಿನ ಮಗ್ಗುಲಲ್ಲಿರುವ ಬೆಂಗಳೂರಿನ ಸಿದ್ದಾಪುರದಂಥ ಬಡಾವಣೆಯಲ್ಲಿ, ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಕುಳಿತು ನಡುರಾತ್ರಿ ಕೆಲಸ ಮಾಡುವವನು ಆ ಗಂಟೆಯ ಬಾಯಿ ಕಟ್ಟಲು ಬಯಸಿದರೆ ಆಶ್ಚರ್ಯವಿಲ್ಲ. ಆದರೆ ಬಾಯಿ ಕಟ್ಟಿದ ಗಂಟೆ ಯಾರನ್ನೂ ಎಚ್ಚರಿಸಲಾರದು. ಪರದೆಯನ್ನು ಕಾಣಲಾರದ ಅಂಧರಿಗಂತೂ ಆ ಸದ್ದೇ ಸುದ್ದಿ. ಗಂಟೆಯನ್ನು ಅಡಗಿಸದೆ ಹದಗೊಳಿಸುವುದು ಸಾಧ್ಯವೆ?

ಲೋಹದ ಗಂಟೆಯ ವಾರಸುದಾರ

೧೯೬೩ರಲ್ಲಿ ಅಮೆರಿಕದಲ್ಲಿ ‘ಆಸ್ಕಿ’ ಎಂಬ ಸಂಕೇತಮಾಲೆ ರೂಪುಗೊಂಡಾಗ ಅದರ ೭ನೆಯ ಸಂಕೇತವನ್ನು ಗಂಟೆಗೆಂದೇ ಮೀಸಲಿಟ್ಟರು. ಅದು ಬಂದೊಡನೆ ದೂರಮುದ್ರಕದೊಳಗಿನ ಪುಟ್ಟ ಸುತ್ತಿಗೆಯೊಂದು ನಿಜವಾದ ಲೋಹದ ಗಂಟೆಯನ್ನು ಬಡಿಯುತ್ತಿತ್ತು. ೧೯೬೯ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸ್ ವ್ಯವಸ್ಥೆ ಹುಟ್ಟಿದಾಗ ಅದರ ನಿರ್ಮಾಪಕರು ಬಳಸಿದ್ದು ಇಂಥ ದೂರಮುದ್ರಕಗಳನ್ನೇ. ಮುಂದೆ ಕಾಗದದ ಸ್ಥಾನಕ್ಕೆ ಪರದೆ ಬಂತು. ಲೋಹದ ಗಂಟೆ ಹೋಗಿ ವಿದ್ಯುತ್ ಸ್ವರ ಬಂತು. ಸಂಕೇತ ಮಾತ್ರ ಬದಲಾಗಲಿಲ್ಲ. ೧೯೯೧ರಲ್ಲಿ ಜನಿಸಿದ ಲಿನಕ್ಸ್ ಇಂದಿಗೂ ಅದೇ ೭ನೆಯ ಸಂಕೇತಕ್ಕೆ ಓಗೊಡುತ್ತದೆ.

ಕರ್ಕಶತೆಯ ಕಾರಣ

ಲಿನಕ್ಸಿನ ಗಂಟೆ ಸಹಜವಾಗಿ ಸೆಕೆಂಡಿಗೆ ೭೫೦ ಕಂಪನಗಳ ಸ್ವರವನ್ನು ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಕಾಲ ಹೊರಡಿಸುತ್ತದೆ. ಯಂತ್ರದೊಳಗೆ ಸೆಕೆಂಡಿಗೆ ೧೧,೯೩,೧೮೨ ಬಾರಿ ಮಿಡಿಯುವ ಎಣಿಕೆಯ ಸಾಧನವೊಂದಿದೆ. ಆ ಮಿಡಿತಗಳನ್ನು ೧,೫೯೧ರಿಂದ ಭಾಗಿಸಿದರೆ ೭೫೦ ದೊರೆಯುತ್ತದೆ. ಆದರೆ ಧ್ವನಿವರ್ಧಕಕ್ಕೆ ಹರಿಯುವ ವಿದ್ಯುತ್ತು ಅಲೆಯಂತೆ ಏರಿಳಿಯದೆ ಥಟ್ಟನೆ ಹರಿದು ಥಟ್ಟನೆ ನಿಲ್ಲುತ್ತದೆ. ಇದರಿಂದ ಮೂಲಸ್ವರದ ಜೊತೆಗೆ ೨,೨೫೦, ೩,೭೫೦ ಮೊದಲಾದ ಉಪಸ್ವರಗಳೂ ಹುಟ್ಟುತ್ತವೆ. ನಮ್ಮ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದು ಈ ಎಡೆಯಲ್ಲಿಯೇ. ಗಂಟೆ ಚುಚ್ಚಿದಂತೆ ಕೇಳುವುದಕ್ಕೆ ಇದು ಕಾರಣ.

ನಾದದ ಗುಣ ಉಪಸ್ವರಗಳಲ್ಲಿ ಅಡಗಿದೆಯೆಂಬುದಕ್ಕೆ ನಮ್ಮ ಮೃದಂಗವೇ ಸಾಕ್ಷಿ. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ; ಮೃದಂಗದ ನಡುವಣ ಕರಣೆಯ ಭಾರ ಅವುಗಳನ್ನು ಹೊಂದಿಸುತ್ತದೆ. ೧೯೩೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದ ಸಿ. ವಿ. ರಾಮನ್ ಅವರು ಅದಕ್ಕೆ ಮೊದಲೇ, ೧೯೨೦ರಲ್ಲಿ, ಈ ವಿಷಯವನ್ನು ಪ್ರಕಟಿಸಿದ್ದರು. ಗಣಕಯಂತ್ರದ ಗಂಟೆಗೆ ಕರಣೆ ಹಚ್ಚಲಾಗದು. ಆದರೆ ಅದರ ಸ್ವರವನ್ನು ತಗ್ಗಿಸಬಹುದು, ಅವಧಿಯನ್ನು ಕಿರಿದುಗೊಳಿಸಬಹುದು.

ಹದಗೊಳಿಸುವ ಕ್ರಮ

ಇದಕ್ಕಾಗಿ ಲಿನಕ್ಸಿನಲ್ಲಿ ‘ಸೆಟ್‌ಟರ್ಮ್’ ಎಂಬ ಆಜ್ಞೆಯಿದೆ. ಅದರೊಡನೆ ‘ಬಿಫ್ರೆಕ್’ ಎಂದು ಬರೆದು ಕಂಪನಸಂಖ್ಯೆಯನ್ನೂ, ‘ಬಿಲೆಂಗ್ತ್’ ಎಂದು ಬರೆದು ಅವಧಿಯನ್ನೂ ತಿಳಿಸಬೇಕು. ಅವಧಿ ಮಿಲಿಸೆಕೆಂಡಿನಲ್ಲಿ, ಸೊನ್ನೆಯಾದರೆ ಪೂರ್ಣ ಮೌನ. ೩೦೦ ಕಂಪನ, ೫೦ ಮಿಲಿಸೆಕೆಂಡು ಎಂದು ಕೊಟ್ಟು ನೋಡಿ. ಅತ್ಯಲ್ಪ ಕಾಲದ ಸದ್ದನ್ನು ಕಿವಿ ಮೆಲುವಾಗಿಯೇ ಗ್ರಹಿಸುವುದರಿಂದ ಗಂಟೆ ತಾನೇ ಸೌಮ್ಯವಾಗುತ್ತದೆ. ಈ ಏರ್ಪಾಡು ಯಂತ್ರವನ್ನು ಆರಿಸಿದೊಡನೆ ಅಳಿಸಿಹೋಗುವುದರಿಂದ ಆಜ್ಞೆಯನ್ನು ಆರಂಭದ ಕಡತದಲ್ಲಿ ಬರೆದಿಡುವುದು ಒಳಿತು. ಕಿಟಕಿಗಳುಳ್ಳ ಎಕ್ಸ್ ಪರಿಸರದಲ್ಲಿ ‘ಎಕ್ಸ್‌ಸೆಟ್’ ಎಂಬ ಬೇರೊಂದು ಆಜ್ಞೆಯಿದೆ. ಈಚಿನ ಅನೇಕ ಯಂತ್ರಗಳಲ್ಲಿ ಗಂಟೆಯ ಧ್ವನಿವರ್ಧಕವೇ ಇರುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಇನ್ನೊಂದು ಸ್ವಾರಸ್ಯವಿದೆ. ಒಂದೇ ಯಂತ್ರದಲ್ಲಿ ಹಲವು ಕನ್ಸೋಲ್‌ಗಳನ್ನು ತೆರೆಯಬಹುದು. ಪ್ರತಿಯೊಂದೂ ತನ್ನ ಗಂಟೆಯ ಸ್ವರವನ್ನು ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಮೊದಲನೆಯದಕ್ಕೆ ೩೦೦, ಎರಡನೆಯದಕ್ಕೆ ೪೫೦, ಮೂರನೆಯದಕ್ಕೆ ೬೦೦ ಕಂಪನಗಳನ್ನು ಕೊಟ್ಟರೆ ಅವು ಕ್ರಮವಾಗಿ ಷಡ್ಜ, ಪಂಚಮ, ತಾರಷಡ್ಜಗಳಾಗುತ್ತವೆ. ಕಣ್ಣೆದುರಿಗೆ ಇಲ್ಲದ ಕನ್ಸೋಲ್ ಕರೆದರೂ ಕರೆದವರಾರೆಂಬುದು ತಿಳಿಯುತ್ತದೆ. ಅಂಧನಾದ ಬಳಕೆದಾರನಿಗೆ ಇದು ಬರಿಯ ವಿನೋದವಲ್ಲ, ಆಧಾರ. ನೆರೆಯವರ ನಿದ್ದೆಗೂ ಭಂಗವಿಲ್ಲ, ಕರೆಯೂ ತಪ್ಪುವುದಿಲ್ಲ.